ಮಗುವಿಗೆ ಹುಷಾರಿಲ್ಲ, ಹೊರಗೆ ಮಳೆ: ಹೊರಡೋದಾ, ಕಾಯೋದಾ?

ಮಳೆಗಾಲ ಶುರುವಾದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜು. "ಅಕ್ಕಾ, ಪಾಪುಗೆ ಮೈ ಬಿಸಿ ಇದೆ, ಈಗ್ಲೇ ತೋರಿಸ್ಬೇಕಾ, ನಾಳೆವರೆಗೆ ನೋಡೋದಾ?" ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ನಮ್ಮ ಚಿಕ್ಕಮ್ಮ ಕೊಡಗಿನ ಹಳ್ಳಿಗಳಲ್ಲಿ ಎಎನ್‌ಎಂ (ಸರ್ಕಾರದ ಹಳ್ಳಿ ನರ್ಸ್) ಆಗಿ ಕೆಲಸ ಮಾಡಿ ರಿಟೈರ್ ಆದವರು. ಊರವರಿಗೆಲ್ಲ ಅವರು ಇವತ್ತಿಗೂ 'ಸಿಸ್ಟರ್'. ಈಗ ಮೈಸೂರಲ್ಲಿ ಮಗನ ಮನೆಯಲ್ಲಿದ್ದಾರೆ. ಹಾಗಾಗಿ ಅವರಿಗೆ ಹೋಗಬೇಕಾದ ಪ್ರಶ್ನೆಗಳು ನನಗೆ ಬರುತ್ತವೆ, ನಾನು ಅವರನ್ನು ಕೇಳುತ್ತೇನೆ, ಅವರು ಹೇಳಿದ್ದನ್ನು ವಾಪಸ್ ಕಳಿಸುತ್ತೇನೆ. ನಡುವೆ ನೆಟ್‌ವರ್ಕ್ ಇದ್ದರೆ.

ಅದೇ ಮಾತನ್ನು ಎಷ್ಟು ಜನರಿಗೆ ಅಂತ ಟೈಪ್ ಮಾಡೋದು, ಒಂದು ಕಡೆ ಬರೆದಿಟ್ಟರೆ ಲಿಂಕ್ ಕಳಿಸಿ ಕೂತ್ಕೋಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಚಿಕ್ಕಮ್ಮ ಒಮ್ಮೆ ಓದಿ ತಿದ್ದಿದ್ದಾರೆ.

ಪೇಟೆಯವರಿಗೆ ಈ ಪ್ರಶ್ನೆ ಸ್ವಲ್ಪ ಸುಲಭ. ರಾತ್ರಿ ಎರಡು ಗಂಟೆಗೆ ಜ್ವರ ಏರಿತಾ, ಆಟೋ ಹಿಡಿದು ಹೋದರಾಯ್ತು. ನಮ್ಮದು ಕೊಡಗಿನ ನಾಪೋಕ್ಲು ಕಡೆಯ ತೋಟ. ಮನೆಯಿಂದ ಟಾರು ರಸ್ತೆ ಮುಟ್ಟುವುದೇ ಒಂದು ಕೆಲಸ. ಜುಲೈ ಆಗಸ್ಟಿನಲ್ಲಿ ಕಾವೇರಿ ತುಂಬಿದರೆ ತಗ್ಗಿನ ರಸ್ತೆ ಯಾವಾಗ ಮುಳುಗುತ್ತದೆ ಅಂತ ಹೇಳೋಕಾಗಲ್ಲ. ಮರ ಬೀಳುತ್ತದೆ, ರಸ್ತೆ ಬದಿಯ ಗುಡ್ಡದ ಬರೆ ಕುಸಿಯುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತುಹೋಗುತ್ತದೆ. ಸಿದ್ದಾಪುರ, ತಿತಿಮತಿ ಕಡೆಯವರಿಗೆ ಮಳೆ ಇಲ್ಲದ ದಿನವೂ ಕತ್ತಲಾದ ಮೇಲೆ ಆನೆ ಭಯ. 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜರಿದು ಜೋಡುಪಾಲದ ಹತ್ತಿರ ಮಂಗಳೂರು ದಾರಿ ಮುಚ್ಚಿಹೋಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಹೆಚ್ಚುಕಮ್ಮಿ 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಜಾಸ್ತಿ. ಅಷ್ಟು ದೂರ ಹೋಗಬೇಕಾಗಿ ಬಂದರೆ ಅರ್ಧ ದಿನ ರಸ್ತೆಗೇ ಹೋಯಿತು.

ಅದಕ್ಕೇ ಚಿಕ್ಕಮ್ಮನ ಲೆಕ್ಕ ಬೇರೆ. ಪುಸ್ತಕದಲ್ಲಿ "ಹೀಗಾದರೆ ಆಸ್ಪತ್ರೆಗೆ ಹೋಗಿ" ಅಂತ ಇರುತ್ತದೆ, ದಾರಿ ಎಷ್ಟು ಹೊತ್ತಿನದು ಅಂತ ಇರುವುದಿಲ್ಲ. ಮಗು ಹುಷಾರಿಲ್ಲ ಅನ್ನಿಸಿದ ದಿನ ಸಂಜೆ ನಾಲ್ಕು ಗಂಟೆಗೆ ಒಮ್ಮೆ ಕೂತು ಮಗುವನ್ನು ಸರಿಯಾಗಿ ನೋಡಬೇಕು, ಹೊರಡೋದಾ ಬೇಡವಾ ಅಂತ ಆಗಲೇ ತೀರ್ಮಾನ ಆಗಬೇಕು. ಅನುಮಾನ ಇದ್ದರೆ ಹೊರಡುವ ಕಡೆಗೇ ತೀರ್ಮಾನ. "ಊಟ ಆದ ಮೇಲೆ ನೋಡೋಣ" ಅಂದವರು ಅರ್ಧರಾತ್ರಿಯಲ್ಲಿ ಟಾರ್ಚ್ ಹಿಡಿದು ಜೀಪ್ ಹುಡುಕುತ್ತಾರೆ. ಮಧ್ಯಾಹ್ನ ಒಂದು ಗಂಟೆಗೇ ಮಗುವಿನ ಸ್ಥಿತಿ ಕೆಟ್ಟಿದ್ದರೆ ನಾಲ್ಕರ ತನಕ ಕಾಯಿರಿ ಅಂತ ಇದರ ಅರ್ಥ ಅಲ್ಲ. ಅದನ್ನೂ ಒಬ್ಬರು ಕೇಳಿದರು, ಅದಕ್ಕೆ ಹೇಳಿದೆ.

ಈಗ ಏನನ್ನು ನೋಡಬೇಕು ಅನ್ನುವುದು. ಇಲ್ಲಿ ಮಗುವಿನ ವಯಸ್ಸೇ ದೊಡ್ಡ ವಿಷಯ.

ಮೂರು ತಿಂಗಳೊಳಗಿನ ಕೂಸಾದರೆ ಥರ್ಮಾಮೀಟರಿನ ನಂಬರ್ ಒಂದೇ ಸಾಕು. 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಅಥವಾ ಅದಕ್ಕಿಂತ ಮೇಲೆ ಬಂದರೆ ಹೊರಡಿ. ಮಗು ಆಟ ಆಡ್ತಿದೆ, ಹಾಲು ಕುಡೀತಿದೆ, ನಗ್ತಿದೆ, ಏನೇ ಇರಲಿ. ಆ ವಯಸ್ಸಿನಲ್ಲಿ ರೋಗದ ವಿರುದ್ಧ ಹೋರಾಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರಕ್ತಕ್ಕೆ, ಮೂತ್ರಕ್ಕೆ, ಮೆದುಳಿನ ಪೊರೆಗೆ ಸೋಂಕು ತಗುಲಿದ್ದರೂ ಹೊರಗೆ ಕಾಣುವ ಗುರುತು ಬರೀ ಜ್ವರವೇ ಇರಬಹುದು. ಸರ್ಕಾರಿ ತರಬೇತಿಯಲ್ಲಿ ಇನ್ನೂ ಬಿಗಿ. ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ ಇಟ್ಟು ನೋಡಿದಾಗ 37.5, ಅಂದರೆ 99.5 ಬಂದರೇ ಜ್ವರ ಅಂತ ಹಿಡಿಯುತ್ತಾರೆ. ಮನೆಯಲ್ಲೇ ಪ್ಯಾರಾಸಿಟಮಾಲ್ ಹಾಕಿ ಜ್ವರ ಇಳಿಸಿ "ಸರಿ ಹೋಯ್ತು" ಅಂತ ಕೂರುವ ವಯಸ್ಸಲ್ಲ ಅದು.

ಇನ್ನೊಂದು ತುದಿಯೂ ಇದೆ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪುಟ್ಟ ಕೂಸಿನ ಮೈ ತಣ್ಣಗಾಗುವುದೂ ಅಪಾಯವೇ. 35.5 ಸೆಲ್ಸಿಯಸ್, ಅಂದರೆ 95.9ಕ್ಕಿಂತ ಕೆಳಗೆ ಬಂದು, ಎದೆಗೆ ಅಪ್ಪಿಕೊಂಡು ಬೆಚ್ಚಗೆ ಮಾಡಿದರೂ ಏರದಿದ್ದರೆ ಜ್ವರದಷ್ಟೇ ಅವಸರ ಮಾಡಬೇಕು. ನಮ್ಮೂರಿನ ಚಳಿಗೆ "ಕೈಕಾಲು ತಣ್ಣಗಿದೆ, ಚಳಿ ಅಲ್ವಾ" ಅಂದುಬಿಡುತ್ತೇವೆ. ಅಂಗೈ ಅಂಗಾಲು ತಣ್ಣಗಿರುವುದು ಮಾಮೂಲಿ. ಹೊಟ್ಟೆ, ಎದೆ, ಬೆನ್ನು ಮುಟ್ಟಿ ನೋಡಿ. ಅದೂ ತಣ್ಣಗಿದ್ದರೆ ಅದು ಬೇರೆ.

ಹಾಗೇ ಉಲ್ಟಾ ಕೂಡ. ಸ್ವೆಟರ್ ಮೇಲೆ ಸ್ವೆಟರ್, ಟೋಪಿ, ಕಾಲುಚೀಲ, ಮೇಲೊಂದು ಕಂಬಳಿ, ಪಕ್ಕದಲ್ಲಿ ಕೆಂಡ. ಹೀಗೆ ಸುತ್ತಿಟ್ಟ ಮಗುವಿನ ಮೈ ಬಿಸಿಯಾಗದೆ ಇನ್ನೇನಾಗುತ್ತದೆ? ಒಂದೆರಡು ಪದರ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಕೈಯಿಂದ ಹಣೆ ಮುಟ್ಟಿ ಹೇಳುವ ಡಿಗ್ರಿಯನ್ನು ನಾನು ನಂಬಲ್ಲ, ಅತ್ತೆ ಹೇಳಿದರೂ ನಂಬಲ್ಲ. ಡಿಜಿಟಲ್ ಥರ್ಮಾಮೀಟರ್ ಎಲ್ಲಾ ಮೆಡಿಕಲ್‌ನಲ್ಲೂ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಮಗು ಹುಟ್ಟುವ ಮೊದಲೇ ತಂದಿಡಿ. ತೊಟ್ಟಿಲಿಗೆ ಅಷ್ಟು ಖರ್ಚು ಮಾಡುತ್ತೇವಲ್ಲ.

ಲಸಿಕೆ ಹಾಕಿಸಿದ ಜ್ವರದ ಬಗ್ಗೆ ಪ್ರತಿ ಸಲ ಕೇಳುತ್ತಾರೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ತೊಡೆಗೆ ಹಾಕುವ ಇಂಜೆಕ್ಷನ್ ಆದಮೇಲೆ ಒಂದೆರಡು ದಿನ ಮೈ ಬಿಸಿಯಾಗುವುದು ಸಾಮಾನ್ಯ. ಲಸಿಕೆ ಹಾಕಿದ ಸಿಸ್ಟರ್ ಜ್ವರದ ಹನಿ ಎಷ್ಟು ಕೊಡಬೇಕು ಅಂತ ಹೇಳಿ ಕಳಿಸಿರುತ್ತಾರೆ. ಆದರೂ ಮಗು ಇಷ್ಟು ಚಿಕ್ಕದು ಅಲ್ವಾ, ಅವರಿಗೆ ಒಂದು ಫೋನ್ ಮಾಡಿ. ಹಾಲು ಬಿಟ್ಟರೆ, ಮಂಕಾದರೆ, ಅಥವಾ ಎರಡು ದಿನ ದಾಟಿದರೆ "ಇಂಜೆಕ್ಷನ್ ಜ್ವರ" ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ತಮ್ಮನ ಮಗನ ವಿಷಯ ಹೇಳುತ್ತೇನೆ. ತಮ್ಮನ ಹೆಂಡತಿಯ ತವರಿನಲ್ಲಿ ಬಾಣಂತನ, ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಹೊರಗೆ ಆಟಿಯ (ಜುಲೈ-ಆಗಸ್ಟ್) ಮಳೆ. ನಾನು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಮಗು ಮಲಗಿತ್ತು. ಕಾಫಿ ಕುಡಿದು ಮುಗಿಸಿದೆ, ಮಲಗೇ ಇತ್ತು. ಮನೆಯ ಅಜ್ಜಿಗೆ ಖುಷಿಯೋ ಖುಷಿ. "ಎಷ್ಟು ಒಳ್ಳೆ ಮಗು ನೋಡು, ನಿನ್ನೆಯಿಂದ ಅತ್ತೇ ಇಲ್ಲ." ಹಾಲು ಯಾವಾಗ ಕುಡಿಯಿತು ಅಂದರೆ ಬೆಳಗ್ಗೆ ಸ್ವಲ್ಪ. ಎಬ್ಬಿಸಿ ಎದೆಗೆ ಹಾಕಿದರೆ ಎರಡು ಸಲ ಎಳೆದು ಮತ್ತೆ ನಿದ್ದೆ. ಜ್ವರ ಇಲ್ಲ, ಕೆಮ್ಮಿಲ್ಲ, ವಾಂತಿ ಇಲ್ಲ. ಕಾಫಿ ಕಣದ ಮೂಲೆಗೆ ಹೋದರೆ ಮಾತ್ರ ಸಿಗ್ನಲ್, ಅಲ್ಲಿ ಕೊಡೆ ಹಿಡಿದು ನಿಂತು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಅಂಗಾಲು ಚಿವುಟಿದ್ರೆ ಅಳುತ್ತಾ?"

"ಮುಖ ಕಿವುಚುತ್ತೆ, ಅಳಲ್ಲ ಚಿಕ್ಕಮ್ಮ."

"ಉಚ್ಚೆ?"

"ಬೆಳಗ್ಗೆಯಿಂದ ಬಟ್ಟೆ ಒದ್ದೆ ಆಗಿಲ್ಲವಂತೆ."

"ಇನ್ನೇನೂ ಕೇಳ್ಬೇಡ. ಹೊರಡಿ. ಕೂಸನ್ನ ಅಮ್ಮನ ಎದೆಗೆ ಬಟ್ಟೆ ಇಲ್ಲದೆ ಅಪ್ಪಿಸಿ, ಮೇಲಿಂದ ಹೊದಿಸಿ ಕರ್ಕೊಂಡು ಹೋಗಿ."

ಮನೆಯಲ್ಲಿ ಗೊಣಗಾಟ ಆಯಿತು. ಜ್ವರವೇ ಇಲ್ಲದ ಮಗುವನ್ನು ಈ ಮಳೆಯಲ್ಲಿ ಹೊರಗೆ ತೆಗೆದರೆ ಇಲ್ಲದ ರೋಗ ಬರುತ್ತದೆ ಅಂತ ಅಜ್ಜಿ. ನನ್ನ ತಮ್ಮ ಮಾತಾಡದೆ ಜೀಪ್ ಸ್ಟಾರ್ಟ್ ಮಾಡಿದ, ಅದೊಂದು ಒಳ್ಳೆಯದು ಮಾಡಿದ. ಮಡಿಕೇರಿಯಲ್ಲಿ ನೋಡಿದ ಡಾಕ್ಟರು ರಕ್ತಕ್ಕೆ ಸೋಂಕು ಅಂದರು, ಕೂಡಲೇ ಅಡ್ಮಿಟ್ ಮಾಡಿ ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು. ಹುಡುಗ ಈಗ ಅಂಗನವಾಡಿಗೆ ಹೋಗುತ್ತಾನೆ, ಯಾರ ಮಾತೂ ಕೇಳಲ್ಲ.

ಅಳುವ ಮಗುವಿಗಿಂತ ಅಳದ ಮಗು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಅಲ್ಲಿಂದ. ಕಿರುಚಿ ಮನೆ ಹಾರಿಸುವ ಮಗುವಿಗೆ ಕಿರುಚುವ ಶಕ್ತಿ ಇದೆ. ಎಬ್ಬಿಸಿದರೂ ಏಳದ, ಕೈಕಾಲು ಜೋತುಬಿಟ್ಟ, ಅಮ್ಮನ ಮುಖ ನೋಡದ ಮಗು, ಅದಕ್ಕೆ ಎಷ್ಟೇ ತಿಂಗಳಾಗಿರಲಿ, ಆ ಕ್ಷಣ ಹೊರಡಬೇಕು. ಅಳುವಿನಲ್ಲೂ ಒಂದು ಬಗೆ ಇದೆ. ಎತ್ತಿದರೂ, ಹಾಲು ಕೊಟ್ಟರೂ ನಿಲ್ಲದ ಕೀಚಲು ಅಳು, ಅಥವಾ ಬರೀ ನರಳಾಟ. ಅಮ್ಮಂದಿರಿಗೆ ಅದು ಗೊತ್ತಾಗುತ್ತದೆ. "ಇವತ್ತು ಇವಳು ಇವಳ ಥರ ಇಲ್ಲ" ಅಂತ ಅಮ್ಮ ಹೇಳಿದರೆ ಚಿಕ್ಕಮ್ಮ ಥರ್ಮಾಮೀಟರ್ ಕೂಡ ಕೇಳುತ್ತಿರಲಿಲ್ಲ.

ಮೂರು ತಿಂಗಳು ದಾಟಿದ ಮೇಲೆ ನಂಬರಿನ ತೂಕ ಸ್ವಲ್ಪ ಕಮ್ಮಿ ಆಗುತ್ತದೆ. ಆರು ತಿಂಗಳೊಳಗೆ 102 ಮುಟ್ಟಿದರೆ ಆ ದಿನವೇ ತೋರಿಸಿ. ಆಮೇಲಿನ ಮಕ್ಕಳಲ್ಲಿ 102 ಇದ್ದರೂ ಜ್ವರ ಇಳಿದಾಗ ಎದ್ದು ಆಡುವ ಮಗುವಿಗೆ ಒಂದು ದಿನ ಕಾಯಬಹುದು, 100 ಇದ್ದು ಮುದುಡಿ ಬಿದ್ದ ಮಗುವಿಗೆ ಕಾಯಬಾರದು. ಜ್ವರ ಮೂರನೇ ದಿನಕ್ಕೂ ಬಿಡದಿದ್ದರೆ, ಅಥವಾ ಬಿಟ್ಟು ಮತ್ತೆ ಬಂದರೆ, ಆಡುತ್ತಿದ್ದರೂ ತೋರಿಸಲೇಬೇಕು.

ಉಸಿರಾಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಮಳೆಗಾಲದಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಓಡಿಸುವುದು ಜಾಸ್ತಿ ಅದೇ. ಮೂಗು ಕಟ್ಟಿ ಗೊರ ಗೊರ ಅನ್ನುವ ಸದ್ದು ಕೇಳಿ ಹೆದರುತ್ತಾರೆ, ಸದ್ದಿಲ್ಲದೆ ಏದುಸಿರು ಬಿಡುವ ಮಗುವನ್ನು ನೋಡದೆ ಬಿಡುತ್ತಾರೆ. ಮಗು ಸುಮ್ಮನಿರುವಾಗ, ಅಳದೆ, ಹಾಲು ಕುಡಿಯದೆ ಇರುವಾಗ ಅಂಗಿ ಮೇಲೆತ್ತಿ ಹೊಟ್ಟೆ-ಎದೆ ನೋಡಿ. ಫೋನಿನಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಹೊಟ್ಟೆ ಎಷ್ಟು ಸಲ ಏರಿತು ಅಂತ ಎಣಿಸಿ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ, ಪುಟ್ಟ ಮಕ್ಕಳು ಸ್ವಲ್ಪ ಹೊತ್ತು ಬೇಗ ಉಸಿರಾಡಿ ಸ್ವಲ್ಪ ನಿಲ್ಲಿಸಿ ಮತ್ತೆ ಶುರು ಮಾಡುತ್ತವೆ. ಎರಡು ತಿಂಗಳೊಳಗೆ 60 ಅಥವಾ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ, ಮತ್ತೆ ಅಷ್ಟೇ ಬಂದರೆ ಹೊರಡಿ. ಎರಡು ತಿಂಗಳಿಂದ ಒಂದು ವರ್ಷದ ತನಕ 50, ಒಂದು ವರ್ಷದಿಂದ ಐದು ವರ್ಷದ ತನಕ 40. ಅಂಗನವಾಡಿ ಟೀಚರ್, ಆಶಾ ಅಕ್ಕ, ಪಿಎಚ್‌ಸಿ ಡಾಕ್ಟರ್, ಎಲ್ಲರೂ ಇದೇ ನಂಬರ್ ಹೇಳುತ್ತಾರೆ.

ಎಣಿಸಲು ಗೊತ್ತಾಗದಿದ್ದರೂ ಪರವಾಗಿಲ್ಲ, ಕಣ್ಣಿಗೆ ಕಾಣುವುದು ಇದೆ. ಉಸಿರು ಒಳಗೆ ಎಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತದಾ? ಪಕ್ಕೆ ಎಳೆಯುವುದು ಅಂತ ಹಿರಿಯರು ಹೇಳುವುದು ಇದನ್ನೇ. ಮೂಗಿನ ಹೊಳ್ಳೆ ಅರಳುತ್ತದಾ, ಪ್ರತಿ ಉಸಿರಿಗೂ ಮುಲುಗುತ್ತದಾ? ಉಸಿರಿಗೋಸ್ಕರ ಹಾಲು ಬಿಟ್ಟು ಬಿಟ್ಟು ಕುಡಿಯುತ್ತದಾ? ಇವು ಇದ್ದರೆ ಅದು ನೆಗಡಿ ಅಲ್ಲ. ತುಟಿ, ನಾಲಿಗೆ ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಉಸಿರು ನಿಂತು ನಿಂತು ಬಂದರೆ, ಹತ್ತಿರದಲ್ಲಿ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ, ಆಕ್ಸಿಜನ್ ಇರುವ ಕಡೆಗೆ. ನೇರ ಮೈಸೂರಿಗೆ ಅಂತ ಹೊರಡಬೇಡಿ. ಮೊದಲು ಹತ್ತಿರದಲ್ಲಿ ಆಕ್ಸಿಜನ್ ಕೊಟ್ಟು, ಆಮೇಲೆ ಬೇಕಿದ್ದರೆ ಅವರೇ ಆಂಬ್ಯುಲೆನ್ಸಿನಲ್ಲಿ ಕಳಿಸುತ್ತಾರೆ.

ಹೊಗೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ನಿಜ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಮೇಲೆ ಮಗುವಿನ ಬಟ್ಟೆ ಹರವುತ್ತೇವೆ, ಸ್ನಾನ ಆದಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತೇವೆ, ಚಳಿಗೆ ಕಿಟಕಿ ಬಾಗಿಲು ಮುಚ್ಚಿರುತ್ತೇವೆ. ಕೆಮ್ಮುವ ಮಗುವಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ದೊಡ್ಡವರೇ ಸತ್ತದ್ದುಂಟು. ಬಟ್ಟೆ ಅಡುಗೆಮನೆಯಲ್ಲಿ ಒಣಗಿಸಿ, ಮಗು ಬೇರೆ ಕೋಣೆಯಲ್ಲಿ ಇರಲಿ.

ವಾಂತಿ ಭೇದಿಗೆ ಬಂದರೆ, ಎಷ್ಟು ಸಲ ಹೋಯಿತು ಅನ್ನುವುದಕ್ಕಿಂತ ಒಳಗೆ ಎಷ್ಟು ಉಳೀತಿದೆ ಅಂತ ನೋಡಿ. ಕುಡಿದದ್ದೆಲ್ಲ ವಾಂತಿಯಾದರೆ, ಆರೆಂಟು ಗಂಟೆ ಉಚ್ಚೆ ಇಲ್ಲದಿದ್ದರೆ, ಕಣ್ಣು ಗುಳಿ ಬಿದ್ದರೆ, ಅತ್ತರೆ ಕಣ್ಣೀರು ಬರದಿದ್ದರೆ, ನೆತ್ತಿಯ ಮೆತ್ತನೆ ಜಾಗ ಒಳಗೆ ಇಳಿದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ತಕ್ಷಣ ಹೋಗದೆ ನಿಂತರೆ ಮಗುವಿನ ಮೈಯಲ್ಲಿ ನೀರು ಕಮ್ಮಿಯಾಗಿದೆ. ಅದೇ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಮಗು ಅಳದೆ ಕೂತಿರುವಾಗಲೂ ಹಾಗೇ ಇದ್ದರೆ, ಅದು ಮೆದುಳಿನ ಸೋಂಕಿನ ಗುರುತು ಆಗಿರಬಹುದು. ಹಸಿರು ವಾಂತಿ, ಮಲದಲ್ಲಿ ರಕ್ತ, ಇವಕ್ಕೆ ಕಾಯುವ ಮಾತೇ ಇಲ್ಲ. "ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಅನ್ನುವ ಮಾತು ಮಾತ್ರ ದಯವಿಟ್ಟು ಬಿಡಿ. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಕಿರಿಕಿರಿ ಮಾಡುತ್ತದೆ, ಅಷ್ಟೇ. ಜೋರು ಜ್ವರ, ನೀರು ಭೇದಿ ಹಲ್ಲಿನಿಂದ ಬರುವುದಲ್ಲ.

ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣದ ಹಿಂದೆ ಎಷ್ಟು ನೀರು ಅಂತ ಬರೆದಿರುತ್ತದೆ, ದೊಡ್ಡದಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಎಂಎಲ್. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಒಂದೇ ಸಲ ಹಾಕಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಅಂದಾಜಿನಲ್ಲಿ ಅರ್ಧ ಪೊಟ್ಟಣ, ಒಂದು ಲೋಟ ಅಂತ ಮಾಡಿದರೆ ಉಪ್ಪು ಹೆಚ್ಚುಕಮ್ಮಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಡಬ್ಬಿ ಪಾನೀಯ ಓಆರ್‌ಎಸ್ ಅಲ್ಲ. ಡಬ್ಬಿ ಮೇಲೆ ಸುಮ್ನೆ ಆ ಹೆಸರು ಹಾಕಿಕೊಳ್ಳುವುದನ್ನು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ) 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಜಿಂಕ್ ಮಾತ್ರೆ 14 ದಿನ ಕೊಡುತ್ತಾರೆ, ಭೇದಿ ನಿಂತಿತು ಅಂತ ನಡುವೆ ಬಿಡುವುದಲ್ಲ. ಆಶಾ ಅಕ್ಕನ ಹತ್ತಿರ ಎರಡೂ ದುಡ್ಡಿಲ್ಲದೆ ಸಿಗುತ್ತವೆ.

ಹುಟ್ಟಿದ ಮಗುವಿನ ಕಾಮಾಲೆ ಬಗ್ಗೆ ನಮ್ಮೂರಿನದೇ ಒಂದು ತಮಾಷೆ ಇದೆ. "ಬೆಳಗಿನ ಬಿಸಿಲಿಗೆ ಹಿಡೀರಿ" ಅನ್ನುತ್ತಾರೆ ಎಲ್ಲರೂ. ಜುಲೈಯಲ್ಲಿ ಭಾಗಮಂಡಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಬಿಸಿಲು ಇದ್ದರೂ ಜಾಸ್ತಿ ಏರಿದ ಕಾಮಾಲೆಗೆ ಅದು ಸಾಲದು, ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಇಡಬೇಕು. ನಮ್ಮ ಮನೆಗಳು ಮಳೆಗಾಲದಲ್ಲಿ ಹಗಲೇ ಕತ್ತಲು, ಹಳದಿ ಬಲ್ಬಿನ ಬೆಳಕಿಗೆ ಎಲ್ಲಾ ಮಕ್ಕಳೂ ಹಳದಿಯೇ, ಅಥವಾ ಯಾರೂ ಹಳದಿ ಅಲ್ಲ. ಕಿಟಕಿ ಹತ್ತಿರ ಹಗಲು ಬೆಳಕಿಗೆ ತನ್ನಿ. ಹಣೆ, ಎದೆ, ತೊಡೆಯ ಚರ್ಮವನ್ನು ಬೆರಳಿಂದ ಒತ್ತಿ ಬಿಟ್ಟು ನೋಡಿ. ಹುಟ್ಟಿದ ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಇಳಿದರೆ, ಎರಡು ವಾರ ದಾಟಿದರೂ ಹೋಗದಿದ್ದರೆ, ಅಥವಾ ಮಲ ಸುಣ್ಣದ ಹಾಗೆ ಬೆಳ್ಳಗಾದರೆ ಕೂಡಲೇ ತೋರಿಸಿ. ಕಾಮಾಲೆ ಮಗು ಹಾಲು ಬಿಟ್ಟು ಮಲಗಿಬಿಟ್ಟರೆ ಆ ರಾತ್ರಿಯೇ. ಅದು ಮೆದುಳಿಗೆ ಏರಿದರೆ ಮತ್ತೆ ಇಳಿಸಲಾಗುವುದಿಲ್ಲ. ನಾಟಿ ಔಷಧಿ, ಬರೆ ಹಾಕುವುದು, ಇದಕ್ಕೆಲ್ಲ ನವಜಾತ ಕೂಸಿನ ಹತ್ತಿರ ಜಾಗವೇ ಇಲ್ಲ. ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೂ ಅಷ್ಟೇ, ಅರಿಶಿನ ಹಚ್ಚಿ ನೋಡುವ ಆಟ ಬೇಡ.

ಫಿಟ್ಸ್ ಬಂದರೆ ಯಾರಿಗಾದರೂ ಕೈಕಾಲು ಬಿಟ್ಟುಹೋಗುತ್ತದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರಕ್ಕೇ ಫಿಟ್ಸ್ ಬರುವುದುಂಟು, ಹೆಚ್ಚಿನದು ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಏನನ್ನೂ ಹಾಕಬೇಡಿ. ನೀರೂ ಬೇಡ, ಚಮಚವೂ ಬೇಡ, ಬೆರಳೂ ಬೇಡ. ಕೈಗೆ ಕಬ್ಬಿಣ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ, ಅದು ತಾನಾಗಿ ನಿಲ್ಲುವ ಹೊತ್ತಿಗೆ ಕಬ್ಬಿಣ ಕೈಯಲ್ಲಿರುತ್ತದೆ, ಹೆಸರು ಅದಕ್ಕೆ ಹೋಗುತ್ತದೆ. ಐದು ನಿಮಿಷ ದಾಟಿದರೆ ತುರ್ತು. ಬೇಗ ನಿಂತರೂ ಮೊದಲ ಸಲ ಬಂದದ್ದಾದರೆ ಆಸ್ಪತ್ರೆಗೆ ಹೋಗಲೇಬೇಕು. ಆರು ತಿಂಗಳೊಳಗಿನ ಕೂಸಿಗೆ ಬಂದರೆ ಜ್ವರದ ಫಿಟ್ಸ್ ಅಂತ ಅಂದುಕೊಳ್ಳಲೇಬೇಡಿ.

ಈಗ ಜಗಳದ ವಿಷಯ. ಕೊಡಗಿನ ಜೇನಿಗೆ ದೇಶದಲ್ಲೆಲ್ಲ ಹೆಸರು, ನಾನೂ ದಿನಾ ತಿನ್ನುತ್ತೇನೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಒಂದು ಬೆರಳೂ ನೆಕ್ಕಿಸಬೇಡಿ. ಕಾಡಿನದ್ದು, ಶುದ್ಧ, ನಮ್ಮ ಪೆಟ್ಟಿಗೆಯದ್ದೇ ಅಂದರೂ ಅದರಲ್ಲಿ ಬಾಟುಲಿಸಂ ಅನ್ನುವ ರೋಗ ತರುವ ಬೀಜಾಣು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಕೂಸಿನದ್ದು ತಡೆಯುವುದಿಲ್ಲ, ಮೈಯೆಲ್ಲ ಸೋತುಹೋಗುತ್ತದೆ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದು, ಶೀತಕ್ಕೆ ಎರಡು ತೊಟ್ಟು ಬ್ರಾಂದಿ, ಇವನ್ನು ಕೆಲವು ಮನೆಗಳಲ್ಲಿ ಇನ್ನೂ ಮಾಡುತ್ತಾರೆ. ಬ್ರಾಂದಿ ಕೂಸಿನ ಸಕ್ಕರೆ ಅಂಶ ಇಳಿಸುತ್ತದೆ, ಉಸಿರನ್ನು ಮಂಕು ಮಾಡುತ್ತದೆ. ಮಗು 'ಚೆನ್ನಾಗಿ ನಿದ್ದೆ ಮಾಡಿತು' ಅಂತ ಖುಷಿ ಪಡುವ ವಿಷಯ ಅಲ್ಲ ಅದು.

ಕೆಮ್ಮಿನ ಸಿರಪ್ಪೂ ಹಾಗೇ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ ಕೇಂದ್ರ ಸರ್ಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು ಅಂತ ಡಾಕ್ಟರುಗಳಿಗೆ ಹೇಳಿತು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂದಿತು. ಆದರೂ ನಮ್ಮ ಕಡೆಯ ಒಂದು ಮೆಡಿಕಲ್‌ನಲ್ಲಿ "ಎಷ್ಟು ತಿಂಗಳು?" ಅಂತ ಕೂಡ ಕೇಳದೆ ನನ್ನ ಕೈಗೆ ಬಾಟಲಿ ಕೊಟ್ಟರು. ಪ್ಯಾರಾಸಿಟಮಾಲ್‌ನಲ್ಲಿ ಬೇರೆ ಥರದ ಗುಂಡಿ ಇದೆ. ಹನಿ (ಡ್ರಾಪ್ಸ್) ಬಾಟಲಿಯಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಎಂಎಲ್‌ಗೆ 120 ಅಥವಾ 125, ಇನ್ನೊಂದು ಬಾಟಲಿಯಲ್ಲಿ ಐದು ಎಂಎಲ್‌ಗೆ 250. ಅಕ್ಕನ ಮಗುವಿಗೆ 120ರ ಸಿರಪ್ ನಾಲ್ಕು ಎಂಎಲ್ ಹೇಳಿದ್ದರು ಅಂತ ತಂಗಿಯ ಮಗುವಿಗೆ ಹನಿ ಬಾಟಲಿಯಿಂದ ನಾಲ್ಕು ಎಂಎಲ್ ಹಾಕಿದರೆ ಸುಮಾರು ನಾಲ್ಕು ಪಟ್ಟು ಔಷಧಿ ಹೋಯಿತು. ಲೆಕ್ಕ ಮಗುವಿನ ತೂಕದ ಮೇಲೆ. ತೂಕ ಹೇಳಿ, ಬಾಟಲಿ ತೋರಿಸಿ, ಎಷ್ಟು ಅಂತ ಬರೆಸಿಕೊಳ್ಳಿ.

ಅತ್ತೆ ಜೊತೆ ವಾದ ಮಾಡಿ ಗೆಲ್ಲೋಕೆ ಹೋಗಬೇಡಿ, ಅಷ್ಟು ಹೊತ್ತಿಗೆ ಕತ್ತಲಾಗುತ್ತದೆ. ನಮ್ಮ ಅತ್ತೆಗೆ ನಾನು ಹೇಳುವುದು ಇಷ್ಟೇ: "ಅತ್ತೆ, ನೀವು ದೃಷ್ಟಿ ತೆಗೀರಿ, ಅಷ್ಟರಲ್ಲಿ ನಾನು ಬ್ಯಾಗ್ ತುಂಬ್ತೀನಿ." ಅವರೂ ಖುಷಿ, ನಾನೂ ಹೊರಟೆ. ದೃಷ್ಟಿ ತೆಗೆಯುವುದರಿಂದ ಮಗುವಿಗೆ ಏನೂ ಆಗಲ್ಲ, ಮೆಣಸಿನಕಾಯಿ ಘಾಟು ಮೂಗಿಗೆ ಹೋಗದ ಹಾಗೆ ದೂರ ಸುಟ್ಟರೆ ಸಾಕು.

ತೋಟದ ಕೆಲಸದವರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇರುವವರ ಕಥೆ ಬೇರೆ. ಅವರಿಗೆ ಗೊತ್ತಿಲ್ಲ ಅಂತಲ್ಲ. ಒಂದು ದಿನ ಆಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು, ಬಾಡಿಗೆ ಜೀಪಿಗೆ ದುಡ್ಡು ಬೇರೆ. ಮಗುವಿಗೆ ಹುಷಾರಿಲ್ಲ ಅಂತ ಕೆಲಸದವರು ಬಂದು ಹೇಳುವ ತನಕ ತೋಟದ ಸಾವ್ಕಾರರು ಕಾಯಬಾರದು ಅಂತ ನನ್ನ ಅಭಿಪ್ರಾಯ. ಕಾಫಿ ಕೊಯ್ಲಿನ ದಿನ ಕಣದ ಬದಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ ಮಕ್ಕಳನ್ನು ಎಲ್ಲರೂ ನೋಡಿರುತ್ತೇವೆ. ಒಂದು ಸಲ ಹತ್ತಿರ ಹೋಗಿ ನೋಡಿದರೆ, ಜೀಪ್ ಕೊಟ್ಟರೆ, ಕೂಲಿ ಹಿಡಿಯದಿದ್ದರೆ ತೋಟ ಮುಳುಗುವುದಿಲ್ಲ.

108 ದುಡ್ಡಿಲ್ಲದೆ ಬರುತ್ತದೆ. ಮನೆ ಹೆಸರು ಹೇಳಿದರೆ ಅವರಿಗೆ ಗೊತ್ತಾಗಲ್ಲ, ಹತ್ತಿರದ ಶಾಲೆ, ಬಸ್ ಸ್ಟಾಪ್, ದೇವಸ್ಥಾನ, ಯಾವ ತಿರುವು ಅಂತ ಹೇಳಿ. ಅದು ಒಳಗೆ ಬರಲಾಗದ ದಾರಿಯಾದರೆ ಟಾರು ರಸ್ತೆಗೆ ಮಗುವನ್ನು ತಂದು ಕಾಯಿರಿ. ತಾಯಿ ಕಾರ್ಡ್, ಕೊಟ್ಟ ಔಷಧಿಯ ಬಾಟಲಿಗಳು (ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ಹೇಳಿ, ಡಾಕ್ಟರ್ ಬೈಯಲಿ ಬಿಡಿ), ಕೊನೆಯ ಸಲ ಹಾಲು ಕುಡಿದ ಹೊತ್ತು, ಉಚ್ಚೆ ಮಾಡಿದ ಹೊತ್ತು, ಜ್ವರದ ನಂಬರ್. ಇಷ್ಟು ಇದ್ದರೆ ಅಲ್ಲಿ ಹೋದ ಮೇಲೆ ಮೊದಲ ಹತ್ತು ನಿಮಿಷ ಉಳಿಯುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನದು, ಅಲ್ಲಿ ಮಕ್ಕಳ ಡಾಕ್ಟರುಗಳು ಇದ್ದಾರೆ. ಅಲ್ಲಿಂದ ಮೈಸೂರಿಗೆ ಕಳಿಸಿದರೆ ಸರ್ಕಾರಿಯಲ್ಲಿ ಹೆಚ್ಚಾಗಿ ಚೆಲುವಾಂಬ ಆಸ್ಪತ್ರೆ.

ಹೋಗಿ ಬಂದ ಮೇಲೆ "ಏನೂ ಇರಲಿಲ್ಲ, ಸುಮ್ನೆ ಪೆಟ್ರೋಲ್ ದಂಡ" ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಅನ್ನಲಿ. ಆದರೆ "ಬರೀ ವೈರಲ್" ಅಂತ ಕಳಿಸಿದ ಮಗು ಮರುದಿನ ಕೆಡಬಾರದು ಅಂತೇನಿಲ್ಲ. ನಿನ್ನೆ ತಾನೇ ತೋರಿಸಿದ್ದೇವಲ್ಲ ಅಂತ ನಾಚಿಕೆಪಟ್ಟು ಕೂರುವವರೇ ಜಾಸ್ತಿ. ಅದಕ್ಕೇ ಹೊರಡುವ ಮುಂಚೆ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಏನಾದ್ರೆ ನಾವು ವಾಪಸ್ ಬರ್ಬೇಕು ಸಾರ್?" ಅವರು ಹೇಳಿದ್ದನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಅಕ್ಷರ ಓದೋಕಾಗದಿದ್ದರೆ ಹೊರಗೆ ಸಿಸ್ಟರ್ ಹತ್ತಿರ ಇನ್ನೊಂದು ಸಲ ಬರೆಸಿ, ಮನೆಗೆ ಹೋಗಿ ಯಾರ್ಯಾರು ಮಗುವನ್ನು ನೋಡಿಕೊಳ್ಳುತ್ತಾರೋ ಅವರಿಗೆಲ್ಲ ಓದಿ ಹೇಳಿ.